ಗಾಲಿ ಬದಲಾದರೂ ತೇರು ಅದೇ!

ನಮ್ಮ ಮಧುಗಿರಿ, ಪಾವಗಡದ ಕಡೆ ಎತ್ತಿನ ಗಾಡಿಯ ಅಚ್ಚು ಮುರಿದರೆ ಅಚ್ಚು ಹಾಕಿಸ್ತಾರೆ, ಗಾಲಿ ಸವೆದರೆ ಗಾಲಿ, ಮೂಕಿ ಹೋದರೆ ಮೂಕಿ. ಆದರೂ ಅದು "ತಾತನ ಕಾಲದ ಗಾಡಿ"ಯೇ. ಯಾರೂ ತಕರಾರು ತೆಗೆಯೋದಿಲ್ಲ. ಆದರೆ ಅದೇ ಗಾಡಿಗೆ ಒಂದು ಕೋಟಿ ಪೌಂಡ್ ಬೆಲೆ ಕಟ್ಟಿದರೆ? ಆಗ ತಕರಾರು ಶುರು! ಇಂಗ್ಲೆಂಡಿನಲ್ಲಿ ಹೀಗೇ ಆಯಿತು.

ಆ ಕಾರಿನ ಹೆಸರು "ಓಲ್ಡ್ ನಂಬರ್ ಒನ್". ಆರೂವರೆ ಲೀಟರ್ ಇಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು 1929 ಮತ್ತು 1930ರಲ್ಲಿ ಸಾಲಾಗಿ ಗೆದ್ದಿತು. ಎರಡು ಸಲವೂ ಸ್ಟಿಯರಿಂಗ್ ಹಿಡಿದವರಲ್ಲಿ ಒಬ್ಬ ವುಲ್ಫ್ ಬರ್ನಾಟೊ, ದಕ್ಷಿಣ ಆಫ್ರಿಕಾದ ವಜ್ರದ ಗಣಿಯ ದುಡ್ಡಿನ ವಾರಸುದಾರ, ಬೆಂಟ್ಲಿ ಕಂಪನಿಯ ಅಧ್ಯಕ್ಷ. 1931ರಲ್ಲಿ ಕಂಪನಿ ದಿವಾಳಿಯಾಗಿ ರೋಲ್ಸ್ ರಾಯ್ಸ್ ಪಾಲಾಯಿತು. ಆದರೆ ಈ ಕಾರಿನ ಓಟ ನಿಲ್ಲಲಿಲ್ಲ. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸನ್ನು ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಇದರಲ್ಲೇ ಗೆದ್ದರು.

1932ರಲ್ಲಿ ಇದಕ್ಕೆ 8 ಲೀಟರ್ ಇಂಜಿನ್ ಕೂರಿಸಿದರು. ಅದೇ ಸೆಪ್ಟೆಂಬರಿನಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಜಾಕ್‌ನ ಸೋದರ ಕ್ಲೈವ್ ಡನ್‌ಫೀ ಓಡಿಸುತ್ತಿದ್ದಾಗ ಕಾರು ಇಳಿಜಾರಿನ ಟ್ರ್ಯಾಕ್‌ನ ಅಂಚು ದಾಟಿ ಹಾರಿಹೋಯಿತು. ಕ್ಲೈವ್ ಅಲ್ಲೇ ತೀರಿಕೊಂಡ. ನಜ್ಜುಗುಜ್ಜಾದ ಗಾಡಿಯನ್ನು ಬರ್ನಾಟೊ ರಿಪೇರಿ ಮಾಡಿಸಿ, ಹೊಸ ಬಾಡಿ ಕಟ್ಟಿಸಿ ರಸ್ತೆ ಕಾರಾಗಿ ಮಾಡಿಕೊಂಡ.

ಮುಂದೆ ಕೈಯಿಂದ ಕೈಗೆ ಹೋಗಿ ಕೊನೆಗೆ ಹಬ್ಬರ್ಡ್ ಎಂಬವರ ಬಳಿ ಬಂತು. 1990ರಲ್ಲಿ ಮಿಡಲ್‌ಬ್ರಿಡ್ಜ್ ಸಿಮಿಟರ್ ಎಂಬ ಕಂಪನಿ ಒಂದು ಕೋಟಿ ಪೌಂಡ್‌ಗೆ ಕೊಳ್ಳಲು ಒಪ್ಪಿತು. ಆಮೇಲೆ ಹಿಂದೆ ಸರಿಯಿತು: "ಇದು ಆ ಕಾರೇ ಅಲ್ಲ!"

ವ್ಯಾಜ್ಯ ಲಂಡನ್ನಿನ ಹೈಕೋರ್ಟ್‌ಗೆ ಹೋಯಿತು. ನ್ಯಾಯಮೂರ್ತಿ ಆಟನ್ ಒಂದೊಂದೇ ಭಾಗದ ಲೆಕ್ಕ ಹಾಕಿದರು. 1929ರದ್ದು ಅಂತ ಉಳಿದಿರಬಹುದಾದದ್ದು ಇಂಥ ಕಾಲದ್ದೆಂದು ಹೇಳಲಾಗದ ಚಿಲ್ಲರೆ ಫಿಟ್ಟಿಂಗ್‌ಗಳು. 1930ರದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸ್ ಕವಚ, ಸ್ಟಿಯರಿಂಗ್ ಕಾಲಮ್ ಮಾತ್ರ. ಚಾಸಿ, ಇಂಜಿನ್ ಎಲ್ಲ 1932ರದ್ದು. ಆದರೂ ತೀರ್ಪು ಹಬ್ಬರ್ಡ್ ಪರವಾಗಿ! ಯಾಕೆ? ಬದಲಾವಣೆ ಒಂದೇ ಏಟಿಗೆ ಆದದ್ದಲ್ಲ, ಹಂತಹಂತವಾಗಿ ಆದದ್ದು. ರೇಸಿನಲ್ಲಿ ಕಳೆದ ನಾಲ್ಕು ವರ್ಷವೂ ಅದು ಅದೇ ಕಾರಾಗಿತ್ತು. ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಬೆಂಟ್ಲಿ ಜಗತ್ತಿನಲ್ಲಿ ಇಲ್ಲ. ಅಂದರೆ ಗೆದ್ದದ್ದು ಕಬ್ಬಿಣ ಅಲ್ಲ, ಕಡಿಯದ ಚರಿತ್ರೆ.

ಈಗ ನಮ್ಮ ದೇಶಕ್ಕೆ ಬನ್ನಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ನಂಬರ್ ಪ್ಲೇಟಿನಲ್ಲಿ "ವಿಎ" ಅಂತ ಬರುತ್ತೆ. ಜೊತೆಗೊಂದು ಷರತ್ತು: ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗಿರಬಾರದು. ಈ ಅಳತೆಗೆ ಓಲ್ಡ್ ನಂಬರ್ ಒನ್ ತಂದು ನಿಲ್ಲಿಸಿದರೆ ಪಾಸಾಗೋದು ಕಷ್ಟ ಅಂತ ನನಗನ್ನಿಸುತ್ತೆ!

ಬಿಡಿಭಾಗ ಸಿಗದ ಕಾಲದಲ್ಲಿ ಬೇರೆ ಇಂಜಿನ್ ಹಾಕಿಸಿಯಾದರೂ ಓಡಿಸಿ ಉಳಿಸಿಕೊಂಡ ಹಳೇ ಕಾರು, ಜೀಪುಗಳು ನಮ್ಮಲ್ಲಿ ಇಲ್ಲವೇ? ಮುಟ್ಟದೆ ಶೆಡ್ಡಿನಲ್ಲಿ ತುಕ್ಕು ಹಿಡಿಸಿದವನಿಗೆ "ಮೂಲ ರೂಪ"ದ ಗೌರವ, ಓಡಿಸಿ ಬದುಕಿಸಿದವನಿಗೆ ಇಲ್ಲ ಅಂದರೆ ಯಾವ ನ್ಯಾಯ? ಮೋಸದ ನಕಲು ತಡೆಯಬೇಕು, ನಿಜ. ಅದಕ್ಕೆ ಕಾರಿನ ಜಾತಕ ನೋಡಿದರೆ ಸಾಕು ಅಲ್ಲವೇ?

ಮನೆಯಲ್ಲಿ ಹಳೇ ಗಾಡಿ ಇದ್ದವರಿಗೆ ನನ್ನದೊಂದು ಮಾತು. ಹರಿದ ಆರ್‌ಸಿ ಪುಸ್ತಕ, ಗ್ಯಾರೇಜಿನ ಬಿಲ್ಲು, ಮಾರಿದ ಕೊಂಡ ಚೀಟಿ ಯಾವುದನ್ನೂ ರದ್ದಿಗೆ ಹಾಕಬೇಡಿ. ಗಾಲಿ ಎಲ್ಲಿ ಬೇಕಾದರೂ ಮಾಡಿಸಬಹುದು, ಚರಿತ್ರೆ ಮಾಡಿಸೋಕಾಗಲ್ಲ. ನೀವೇನಂತೀರಿ?