ಸ್ವಯಂನಿರೋಧಕ ಯಕೃತ್ ರೋಗಗಳು: ಸೂಜಿ ಚುಚ್ಚದೆ ರೋಗದ ಹಂತವನ್ನು ಅಳೆಯುವ ವಿಧಾನ

ಶರೀರದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಯಕೃತ್ತಿನ ಜೀವಕೋಶಗಳ ಅಥವಾ ಪಿತ್ತನಾಳಗಳ ವಿರುದ್ಧ ವರ್ತಿಸುವುದರಿಂದ ಉಂಟಾಗುವ ರೋಗಗಳನ್ನು ಸ್ವಯಂನಿರೋಧಕ ಯಕೃತ್ ರೋಗಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಆಟೋಇಮ್ಯೂನ್ ಹೆಪಟೈಟಿಸ್, ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್ ಹಾಗೂ ಪ್ರೈಮರಿ ಸ್ಕ್ಲೀರೋಸಿಂಗ್ ಕೋಲಾಂಜೈಟಿಸ್ ಮುಖ್ಯವಾದವು. ಎರಡನೆಯದಕ್ಕೆ 2015ರವರೆಗೆ ಪ್ರೈಮರಿ ಬಿಲಿಯರಿ ಸಿರೋಸಿಸ್ ಎಂಬ ಹೆಸರಿತ್ತು. ರೋಗಿಗಳೆಲ್ಲರಿಗೂ ಸಿರೋಸಿಸ್ ಇರುವುದಿಲ್ಲವಾದ್ದರಿಂದ, ಅನಾವಶ್ಯಕ ಭೀತಿ ಹುಟ್ಟಿಸುತ್ತಿದ್ದ ಆ ಹೆಸರನ್ನು ಕೈಬಿಟ್ಟಿದ್ದು ಯೋಗ್ಯವೇ ಆಗಿದೆ.

ದೀರ್ಘಕಾಲದ ಉರಿಯೂತದಿಂದ ಯಕೃತ್ತಿನಲ್ಲಿ ನಾರಿನಂಶ ಬೆಳೆದು ಅದು ಗಡಸಾಗುತ್ತದೆ. ಇದನ್ನು ಎಫ್0 ಯಿಂದ ಎಫ್4 ರವರೆಗೆ ವರ್ಗೀಕರಿಸಲಾಗಿದ್ದು, ಎಫ್4 ಎಂದರೆ ಸಿರೋಸಿಸ್. ಹಿಂದೆ ಇದನ್ನು ತಿಳಿಯಲು ಬಯಾಪ್ಸಿಯೇ ಮುಖ್ಯ ಮಾರ್ಗವಾಗಿತ್ತು. ಆದರೆ ಸೂಜಿಯಲ್ಲಿ ದೊರೆಯುವ ತುಣುಕು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ. ಅಲ್ಲದೆ ರಕ್ತಸ್ರಾವದ ಅಪಾಯವೂ ಸ್ವಲ್ಪಮಟ್ಟಿಗೆ ಇರುತ್ತದೆ.

ಫೈಬ್ರೋಸ್ಕ್ಯಾನ್ ಎಂದು ಪರಿಚಿತವಾಗಿರುವ ಟ್ರಾನ್ಸಿಯೆಂಟ್ ಎಲಾಸ್ಟೋಗ್ರಫಿ ಪರೀಕ್ಷೆಯಲ್ಲಿ ಬಲಭಾಗದ ಪಕ್ಕೆಲುಬುಗಳ ನಡುವೆ ಸಾಧನವನ್ನಿರಿಸಿ 50 ಹರ್ಟ್ಸ್‌ನ ಮೃದು ಕಂಪನವನ್ನು ಕಳುಹಿಸಲಾಗುತ್ತದೆ. ಯಕೃತ್ತು ಗಡಸಾಗಿದ್ದಷ್ಟೂ ಅಲೆಯು ವೇಗವಾಗಿ ಚಲಿಸುತ್ತದೆ. ಈ ವೇಗದಿಂದ ಗಡಸುತನವನ್ನು ಕಿಲೋಪಾಸ್ಕಲ್‌ಗಳಲ್ಲಿ ಲೆಕ್ಕಹಾಕಿ, 10 ಅಳತೆಗಳ ಮಧ್ಯಾಂಕವನ್ನು ವರದಿಯಲ್ಲಿ ನಮೂದಿಸಲಾಗುತ್ತದೆ. ಊಟ ಮಾಡಿದ ನಂತರ ಅಳತೆಯು ಏರುವುದರಿಂದ, ಪರೀಕ್ಷೆಗೆ ಕನಿಷ್ಠ 3 ಗಂಟೆ ಮೊದಲಿನಿಂದ ಆಹಾರ ಸೇವಿಸತಕ್ಕದ್ದಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿರುವವರಲ್ಲಿ ಈ ಅಳತೆ ಸಾಧ್ಯವಾಗುವುದಿಲ್ಲ.

ಇಲ್ಲಿ ರೋಗಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವಿದೆ. ಯಕೃತ್ತು ನಾರಿನಂಶದಿಂದ ಮಾತ್ರವಲ್ಲದೆ ಉರಿಯೂತದಿಂದಲೂ ಗಡಸಾಗುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ ಉಲ್ಬಣಿಸಿರುವಾಗ ಅಳತೆ ಮಾಡಿದಲ್ಲಿ, ಸಿರೋಸಿಸ್ ಇಲ್ಲದವರಲ್ಲಿಯೂ ಅದು ಇರುವಂತೆ ತೋರಬಹುದು. ಆದ್ದರಿಂದ ಪ್ರೆಡ್ನಿಸೋಲೋನ್, ಅಜಥಯೋಪ್ರಿನ್ ಮುಂತಾದ ಔಷಧಗಳಿಂದ ಉರಿಯೂತ ಇಳಿದು, ಸುಮಾರು 6 ತಿಂಗಳ ಚಿಕಿತ್ಸೆ ಆದ ನಂತರದ ಅಳತೆಯೇ ಹೆಚ್ಚು ನಂಬಲರ್ಹವಾಗಿರುತ್ತದೆ. ಆಗ ಸುಮಾರು 16 ಕಿಲೋಪಾಸ್ಕಲ್ ಹಾಗೂ ಅದಕ್ಕಿಂತ ಹೆಚ್ಚಿನ ಅಳತೆಯು ಸಿರೋಸಿಸ್ ಅನ್ನು ಸೂಚಿಸುತ್ತದೆ. ವಯಸ್ಸು, ಪ್ಲೇಟ್‌ಲೆಟ್ ಸಂಖ್ಯೆ ಹಾಗೂ ಎರಡು ಯಕೃತ್ ಕಿಣ್ವಗಳಿಂದ ಲೆಕ್ಕಹಾಕುವ ಫಿಬ್-4 ಸೂಚ್ಯಂಕಕ್ಕೂ ಇದೇ ಮಿತಿಯಿದೆ. ಉರಿಯೂತದಲ್ಲಿ ಆ ಕಿಣ್ವಗಳೇ ಏರಿಳಿಯುತ್ತವೆ.

ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್‌ನಲ್ಲಿ 9.6 ಕಿಲೋಪಾಸ್ಕಲ್ ಮೀರಿದ ಅಳತೆಯು ಮುಂದಿನ ತೊಡಕುಗಳ ಮುನ್ಸೂಚನೆಯೆಂದು ಪರಿಗಣಿಸಲ್ಪಡುತ್ತದೆ. ಸ್ಕ್ಲೀರೋಸಿಂಗ್ ಕೋಲಾಂಜೈಟಿಸ್‌ನಲ್ಲಾದರೋ ಪಿತ್ತನಾಳಕ್ಕೆ ತಡೆ ಉಂಟಾದಾಗಲೂ ಅಂಕಿ ಏರುವುದರಿಂದ, ಮೊದಲು ಆ ತಡೆಯನ್ನು ಪರಿಶೀಲಿಸತಕ್ಕದ್ದು.

ಆಟೋಇಮ್ಯೂನ್ ಹೆಪಟೈಟಿಸ್ ಇದೆಯೇ ಎಂಬ ಪ್ರಥಮ ನಿರ್ಣಯಕ್ಕೆ ಬಯಾಪ್ಸಿಯು ಈಗಲೂ ಅವಶ್ಯಕವಾಗಿರುತ್ತದೆ. ಒಂದು ದಿನದ ಶಿಲ್ಕು ನೋಡಿ ವರ್ಷದ ಲೆಕ್ಕ ಹೇಳಲಾಗದಂತೆ, ಒಂದೇ ಅಳತೆಯಿಂದ ರೋಗದ ಗತಿ ತಿಳಿಯದು. ಹಿಂದಿನ ವರದಿಗಳನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸುವುದು. ಅಂಕಿ ಇಳಿದಿದೆಯೆಂದು ವೈದ್ಯರ ಸಲಹೆಯಿಲ್ಲದೆ ಔಷಧ ನಿಲ್ಲಿಸಿದಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು.