ಪರಿಚಯದ ಬಂಡವಾಳ: ನೂರು ವರ್ಷಗಳ ಹುಡುಕಾಟ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಪ್ರೌಢಶಾಲೆಗಳಿಗೆ ಬರುವವರಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ, ನೇಕಾರರ ಮಕ್ಕಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೂ ಮುಂದೆ ಯಾವ ಕೋರ್ಸು, ಯಾವ ವಿದ್ಯಾರ್ಥಿವೇತನ ಎಂದು ಕೇಳಲು ಬಲ್ಲವರೊಬ್ಬರು ಬೇಕು. ಸ್ಥಿತಿವಂತರ ಮನೆಯಲ್ಲಿ ಅಂಥವರು ಸಿಗುತ್ತಾರೆ. ಉಳಿದವರಿಗೆ ಶಾಲೆಯೇ ಒದಗಿಸಬೇಕು.

ಈ ವಿಚಾರ ಹೊಸದಲ್ಲ. 1901ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಹಳ್ಳಿಯ ಹುಡುಗರಿಗಾಗಿ ವಿದ್ಯಾರ್ಥಿನಿಲಯ ತೆರೆಸಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಹುಟ್ಟಿತು. ಧಾರವಾಡದ ಮುರುಘಾಮಠದಂಥ ಮಠಗಳು ಪ್ರಸಾದನಿಲಯ ನಡೆಸಿದವು. ಆಗ ನಮ್ಮ ಈ ಊರುಗಳೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಇಂಥ ಬೋರ್ಡಿಂಗುಗಳು ಊಟ, ವಸತಿ ಕೊಟ್ಟವು. ಜೊತೆಗೆ ಮೊದಲು ನೌಕರಿ ಹಿಡಿದವನು ಹಿಂದೆ ಬರುವವನಿಗೆ ದಾರಿ ತೋರುವ ರೂಢಿಯನ್ನೂ ಬೆಳೆಸಿದವು. ಆದರೆ ಹಲವು ನಿಲಯಗಳ ನಂಟು ಜಾತಿಯೊಳಗೇ ಉಳಿಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತಡವಾಗಿ ತೆರೆಯಿತು.

ಅದೇ 1916ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಮೀಣ ಶಾಲೆಗಳ ಮೇಲ್ವಿಚಾರಕ ಎಲ್. ಜೆ. ಹ್ಯಾನಿಫನ್, ಜನ ಶಾಲೆಯಲ್ಲಿ ಕೂಡುವುದರಿಂದ ಊರಿಗೆ ದಕ್ಕುವ ಬಲವನ್ನು 'ಸಾಮಾಜಿಕ ಬಂಡವಾಳ' ಎಂದು ಕರೆದರು. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್, ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದಲೇ ಹೆಚ್ಚು ಬರುತ್ತದೆ ಎಂದು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಲೋಕದ ಸುದ್ದಿ ತರುವವರು ದೂರದವರು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1988ರಲ್ಲಿ, ಪಾಲಕರು ಒಬ್ಬರನ್ನೊಬ್ಬರು ಬಲ್ಲ ಕಡೆ ಮಕ್ಕಳು ಶಾಲೆ ಬಿಡುವುದು ಕಡಿಮೆ ಎಂದು ವಾದಿಸಿದರು.

ಪರಿಚಯದ ಬಲಕ್ಕೆ ದೊಡ್ಡ ಪುರಾವೆ ಬಂದದ್ದು 2022ರಲ್ಲಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ 7.2 ಕೋಟಿ ಫೇಸ್‌ಬುಕ್ ಬಳಕೆದಾರರ ಸ್ನೇಹಗಳನ್ನು ಪರಿಶೀಲಿಸಿದರು. ಸ್ಥಿತಿವಂತ ಮಕ್ಕಳಿಗಿರುವಷ್ಟೇ ಸ್ಥಿತಿವಂತ ಗೆಳೆಯರು ಬಡ ಮಕ್ಕಳಿಗೂ ಸಿಗುವ ಕಡೆ, ಬೆಳೆದ ಮೇಲೆ ಅವರ ಆದಾಯ ಸರಾಸರಿ ಶೇ. 20ರಷ್ಟು ಹೆಚ್ಚಾಗಬಹುದು ಎಂಬುದು ಅವರ ಅಂದಾಜು. ಒಂದೇ ಶಾಲೆಯಲ್ಲಿ ಕೂಡಿಸಿದರಷ್ಟೇ ಸಾಲದು, ಗೆಳೆತನ ಬೆಳೆಯುವ ಏರ್ಪಾಡೂ ಬೇಕು ಎಂಬುದನ್ನೂ ಆ ಅಧ್ಯಯನ ಕಂಡುಕೊಂಡಿತು. ದೆಹಲಿಯ ಖಾಸಗಿ ಶಾಲೆಗಳನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞ ಗೌತಮ್ ರಾವ್ 2019ರಲ್ಲಿ, ಬಡ ಸಹಪಾಠಿಗಳೊಂದಿಗೆ ಕಲಿತ ಶ್ರೀಮಂತ ಮಕ್ಕಳಲ್ಲಿ ಭೇದಭಾವ ಕಡಿಮೆಯಾದದ್ದನ್ನು ದಾಖಲಿಸಿದರು.

ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ತೆರೆದಿತ್ತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಅವಕಾಶವಿಲ್ಲ ಎಂದು ಕರ್ನಾಟಕ 2019ರಲ್ಲಿ ನಿಯಮ ಬಿಗಿಮಾಡಿತು. ಎರಡು ಲೋಕದ ಮಕ್ಕಳು ಕೂಡುವ ಒಂದು ಜಾಗ ಕಿರಿದಾಯಿತು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬೇರೆ ಬೇರೆ ಊರು, ಜಾತಿಯ ಮಕ್ಕಳನ್ನು ಒಂದೇ ಸೂರಿನಡಿ ತರುತ್ತಿವೆ ಎಂಬುದು ಸಮಾಧಾನ.

ಈ ಮೂರು ತಾಲ್ಲೂಕುಗಳ ಶಾಲೆಗಳು ಇಂದೇ ಮಾಡಬಹುದಾದ ಕೆಲಸಗಳಿವೆ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರೆದಿಡಲಿ. ಹತ್ತನೆಯ ತರಗತಿಯ ಪ್ರತಿ ಮಗುವಿಗೂ ಅದರಿಂದ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಲಿ. ಶಾಲಾಭಿವೃದ್ಧಿ ಸಮಿತಿ ಕಟ್ಟಡದ ಚರ್ಚೆಯ ಜೊತೆಗೆ ಈ ಪಟ್ಟಿಯನ್ನೂ ನೋಡಲಿ. ಹೆಣ್ಣುಮಕ್ಕಳಿಗೆ ಉದ್ಯೋಗದಲ್ಲಿರುವ ಮಹಿಳೆಯರ ಪರಿಚಯ ಮೊದಲು ಆಗಲಿ. ಈ ಶಾಲೆಗಳಲ್ಲಿ ಕಲಿತು ಹುಬ್ಬಳ್ಳಿ, ಬೆಂಗಳೂರು ಸೇರಿದವರೇ, ನಿಮ್ಮ ಫೋನ್ ನಂಬರನ್ನು ಶಾಲೆಗೆ ಕೊಡಿ. ಒಂದು ಮಗು ಕರೆ ಮಾಡಿದಾಗ ಸಮಾಧಾನದಿಂದ ಉತ್ತರಿಸಿ.