ಮಾಡಿನಡಿಯ ದಾಸ್ತಾನು

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಹಿಂದೆ ಆ ದಿನಗಳಲ್ಲಿ ತರಕಾರಿ ಬಳ್ಳಿಗಳು ಕೊಳೆಯುತ್ತಿದ್ದವು, ಹೊಳೆ ತುಂಬಿ ಸಂತೆಯ ದಾರಿ ಮುಚ್ಚುತ್ತಿತ್ತು. ಹಾಗಾಗಿ ಮಳೆಗಾಲದ ಅಡುಗೆಗೆ ಬೇಕಾದದ್ದೆಲ್ಲ ಬೇಸಗೆ ಮುಗಿಯುವುದರೊಳಗೆ ಮನೆ ಸೇರಬೇಕಿತ್ತು. ಸೇರಿದ್ದು ಕೆಡದೆ ಉಳಿಯಬೇಕಿತ್ತು. ಈ ಹೊಣೆ ಹೊತ್ತವರು ಮನೆಯ ಹೆಂಗಸರು.

ಅವರ ಮೊದಲ ಆಸರೆ ಮಂಗಳೂರು ಸೌತೆ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಗೆಗೆ ಬೆಳೆಯುವ ಈ ಕಾಯಿಯನ್ನು ಸಿಪ್ಪೆ ಗಡುಸಾಗಿ ಹಳದಿಗೆ ತಿರುಗಿದ ಮೇಲೆ ತೊಟ್ಟಿನ ಸಮೇತ ಕೊಯ್ಯುತ್ತಾರೆ. ಪೆಟ್ಟು ಬಿದ್ದದ್ದು, ತೊಟ್ಟು ಕಳಚಿದ್ದು ಮೊದಲು ಹುಳಿಗೆ ಹೋಗುತ್ತದೆ. ಉಳಿದವನ್ನು ಬಾಳೆನಾರಿನಲ್ಲೋ ಸೀಳಿದ ತೆಂಗಿನ ಗರಿಯಲ್ಲೋ ಕಟ್ಟಿ, ಒಂದಕ್ಕೊಂದು ತಾಗದಂತೆ ಮಾಡಿನ ಪಕ್ಕಾಸಿನಿಂದ ಇಳಿಬಿಡುತ್ತಾರೆ. ನೆಲದ ತೇವ ಅವುಗಳಿಗೆ ತಟ್ಟುವುದಿಲ್ಲ, ಸುತ್ತಲೂ ಗಾಳಿಯಾಡುತ್ತದೆ, ಒಂದು ಕೊಳೆತರೆ ಪಕ್ಕದ್ದಕ್ಕೆ ಹರಡುವುದಿಲ್ಲ. ತಲೆಯೆತ್ತಿ ನೋಡಿದರೆ ಮೆತ್ತಗಾದದ್ದು ಯಾವುದೆಂದು ಗೊತ್ತಾಗುತ್ತದೆ. ಅಂದಿನ ಅಡುಗೆಗೆ ಅದೇ ಇಳಿಯುತ್ತದೆ. ಹೀಗೆ ತೂಗುವ ಸೌತೆ ತಿಂಗಳುಗಟ್ಟಲೆ ಬಾಳುತ್ತದೆ. ಒಳಗಿನ ಬೀಜವನ್ನೂ ಎಸೆಯುತ್ತಿರಲಿಲ್ಲ. ಬೂದಿಯಲ್ಲಿ ಕಲಸಿ ಒಣಗಿಸಿಟ್ಟರೆ ಮುಂದಿನ ಬಿತ್ತನೆಗೆ ಆಯಿತು.

ಈ ಏರ್ಪಾಡಿನಲ್ಲಿ ಮನೆಯ ಪಾಲೂ ದೊಡ್ಡದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಎಷ್ಟೋ ಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿನವಾದವು. ಕಟ್ಟಿಗೆ ಒಲೆ ಮಾತ್ರ ಬದಲಾಗಲಿಲ್ಲ. ಅದರ ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದಿಯಿಂದ ಹೊರಹೋಗುತ್ತ ಮಾಡಿನಡಿಯ ದಾಸ್ತಾನನ್ನು ಬೆಚ್ಚಗಿಡುತ್ತಿತ್ತು, ಹುಳ ಹತ್ತಗೊಡುತ್ತಿರಲಿಲ್ಲ. ಬೂದಿಗುಂಬಳ, ಸಿಹಿಗುಂಬಳಗಳಿಗೂ ಅದೇ ಅಟ್ಟ.

ಹಲಸಿನದು ಬೇರೆ ಕಥೆ. ಒಂದು ಕಾಯಿ ಒಡೆದರೆ ಮನೆಮಂದಿ ಉಂಡೂ ಮಿಗುತ್ತದೆ. ಮರದಲ್ಲಿ ಇನ್ನೂ ಹತ್ತಾರು ತೂಗುತ್ತಿರುತ್ತವೆ. ಅದಕ್ಕೆ ಕಂಡುಕೊಂಡ ಉಪಾಯ ಉಪ್ಪುಸೊಳೆ, ತುಳುವಿನ ಉಪ್ಪಡ್ ಪಚ್ಚಿಲ್. ಬಲಿತ, ಆದರೆ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು ಹಾಕುತ್ತ ಬಂದು ಮೇಲೆ ಕಲ್ಲು ಹೇರುತ್ತಾರೆ. ಉಪ್ಪು ಸೊಳೆಯ ನೀರನ್ನು ಹೊರಗೆಳೆಯುತ್ತದೆ. ಆ ಉಪ್ಪುನೀರಿನಲ್ಲಿ ಮುಳುಗಿದ ಸೊಳೆಗೆ ಗಾಳಿಯ ಸೋಂಕಿಲ್ಲ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲ. ಒದ್ದೆ ಕೈ ಹಾಕದಿದ್ದರೆ ವರ್ಷವಾದರೂ ಕೆಡದು. ಬೇಕಾದಾಗ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯವಾದೀತು, ರೊಟ್ಟಿಯಾದೀತು. ಅಕ್ಕಿಯೊಂದಿಗೆ ರುಬ್ಬಿ ಉಂಡೆ ಕಟ್ಟಿ ಕರಿದರೆ ಆಟಿ ತಿಂಗಳ ಜಡಿಮಳೆಗೆ ಉಂಡ್ಲಕಾಳು. ತೆಗೆದಿಟ್ಟ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಒಂದೇ ಕಾಯಿಯಿಂದ ಇಷ್ಟೆಲ್ಲ ತೆಗೆದವರ ಬುದ್ಧಿವಂತಿಕೆಗೆ ತಲೆಬಾಗಲೇಬೇಕು.

ಉಪ್ಪಿಲ್ಲದೆ ಇದೊಂದೂ ನಡೆಯದು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರವಿದ್ದರೂ ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಕರವಿತ್ತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದು ಉಪ್ಪು ತೆಗೆದರು. ಮಾವಿನ ಮಿಡಿ, ಹಲಸಿನ ಸೊಳೆ ಭರಣಿ ಸೇರುವ ದಿನಗಳವು. ಆ ಕರದ ಭಾರ ಅಡುಗೆಮನೆಗಳಿಗೆ ಚೆನ್ನಾಗಿಯೇ ತಿಳಿದಿದ್ದಿರಬೇಕು.

ಕರಾವಳಿಯಷ್ಟು ಮಳೆ ಬೀಳದ ಬಯಲುಸೀಮೆಗೆ ಧಾರಾಳ ಬಿಸಿಲಿದೆ. ಅಲ್ಲಿನವರು ಮೆಣಸಿನಕಾಯಿ, ಚವಳಿಕಾಯಿಗಳನ್ನು ಒಣಗಿಸಿ ಬಾಳಕ ಮಾಡಿಕೊಂಡರು.

ಕನ್ನಡದಲ್ಲಿ ಅಡುಗೆಯ ಬರಹವೂ ಹಳೆಯದು. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೇ ಒಂದು ಅಧ್ಯಾಯವಿದೆ. 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವಿವರವಿದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರೆದಿದ್ದಾರೆ. ಆದರೆ ಪಕ್ಕಾಸಿಗೆ ಸೌತೆ ಕಟ್ಟುವ ಗಂಟು ತಾಯಿಯ ಕೈಯಿಂದ ಮಗಳ ಕೈಗೆ ಬಂದದ್ದು.

ಭಾರತದಲ್ಲಿ ಗೋದ್ರೆಜ್ ಫ್ರಿಜ್ ತಯಾರಿಸತೊಡಗಿದ್ದು 1958ರಲ್ಲಿ. ಮುಂದೆ ಗ್ಯಾಸ್ ಒಲೆ, ತಾರಸಿ ಮನೆಗಳು ಬಂದವು. ಪಕ್ಕಾಸು, ಅಟ್ಟ, ಹೊಗೆ ಮೂರೂ ಹೋದವು. ಸೌತೆಯೂ ಫ್ರಿಜ್ ಸೇರಿತು. ಅದಕ್ಕೆ ಒಗ್ಗುವ ಜಾಗವಲ್ಲ ಅದು. ಸೌತೆಯ ಜಾತಿಯ ಕಾಯಿಗಳಿಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಹಲವು ದಿನ ತಗಲಿದರೆ ಸಿಪ್ಪೆಯಲ್ಲಿ ಕುಳಿ ಬೀಳುತ್ತದೆ, ತಿರುಳು ನೀರಾಗುತ್ತದೆ. ಮನೆಯ ಫ್ರಿಜ್ಜಿನೊಳಗೆ ಇರುವುದು 4 ಡಿಗ್ರಿ ಆಸುಪಾಸು. ಪಕ್ಕಾಸಿಲ್ಲದ ಫ್ಲ್ಯಾಟಿನಲ್ಲೂ ಬಲಿತ ಸೌತೆಯನ್ನು ಬಿಸಿಲು ಬೀಳದ ಮೂಲೆಯ ಕೊಕ್ಕೆಯೊಂದಕ್ಕೆ ಕಟ್ಟಿ ತೂಗಬಹುದು. ಹೆಚ್ಚಿದ ಹೋಳನ್ನಷ್ಟೇ ಫ್ರಿಜ್ಜಿನಲ್ಲಿಟ್ಟರೆ ಸಾಕು.